ಬಿಂದುಶ್ರೀ ಸೈನ್ ಹಾಕದ ವಿಮಾನ

ನಮ್ಮೂರು ಹೆಮ್ಮಿಗೆಯಿಂದ ನಾವೊಂದಷ್ಟು ಹೆಂಗಸರು ನಾಗಪುರದ ದೀಕ್ಷಾಭೂಮಿಗೆ ಹೊರಟಿದ್ದೆವು. ನಾಡಿದ್ದು ಅಲ್ಲಿ ಧಮ್ಮ ದೀಕ್ಷೆಯ ದೊಡ್ಡ ದಿನ. ವಿಮಾನ ಹತ್ತುವುದು ಎಲ್ಲರಿಗೂ ಮೊದಲ ಸಲ. ಮೈಸೂರಿನ ವಿಮಾನ ನಿಲ್ದಾಣದಲ್ಲಿ ಬ್ಯಾಗು ತೋರಿಸಿ ಮುಗಿಸಿ, ಕರೆಯುವುದನ್ನೇ ಕಾಯುತ್ತ ಕುಳಿತಿದ್ದೆವು. ಗಾಜಿನಾಚೆ ನಿಂತಿದ್ದ ವಿಮಾನವನ್ನು ಪರೀಕ್ಷಿಸಿ, ಹಾರಬಹುದು ಎಂದು ಸೈನ್ ಹಾಕಬೇಕಾದ ಇಂಜಿನಿಯರ್ ನನ್ನ ಮೊಮ್ಮಗಳು ಬಿಂದುಶ್ರೀ. ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ, ಇನ್ನೂ ಕಾಯಂ ಆಗಿರಲಿಲ್ಲ.

ಹೊತ್ತು ಮೀರಿದರೂ ಕರೆ ಬರಲಿಲ್ಲ.

"ಏನಮ್ಮಿ ಮಂಗಳಮ್ಮ, ನಿನ್ ಮೊಮ್ಮಗಳು ಇಮಾನಕ್ಕೆ ಸೋಪಾಕಿ ತೊಳೀತಾವ್ಳಾ?" ಎಂದು ಪಕ್ಕದ ಮನೆಯ ಮಲ್ಲಾಜಮ್ಮ ಕಿಚಾಯಿಸಿದಳು. "ನಮ್ ಕೆಂಪು ಬಸ್ಸೇ ವಾಸಿ ಕಣಮ್ಮಿ. ನಿಂತೋದ್ರೆ ತಳ್ಳಾದ್ರೂ ತಳ್ಬೋದು."

ಅಷ್ಟರಲ್ಲಿ ಬಿಂದು ಒಳಗೆ ಬಂದಳು. ಹಿಂದೆಯೇ ವಿಮಾನ ಕಂಪನಿಯ ಮ್ಯಾನೇಜರ್.

"ಬ್ರೇಕಿನ ಎಣ್ಣೆ ಪೈಪು ಸವೆದು ಒಸರ್ತಿದೆ ಸಾರ್. ಬದಲಾಯಿಸದೆ ಸೈನ್ ಹಾಕಲ್ಲ."

"ದಾರೀಲಿ ಹೈದರಾಬಾದಲ್ಲಿ ಇಳಿದಾಗ ಹೊಸದು ಹಾಕಿಸ್ತೀವಿ ಅಂದೆನಲ್ಲ! ಹೋದ ವಾರ ತಪಾಸಣೆಗೆ ಬಂದ ಅಧಿಕಾರಿಗಳೇ ಎಲ್ಲಾ ಸರಿಯಿದೆ ಅಂದಿದ್ದಾರೆ."

"ಅವರು ನೋಡಿದ್ದು ಕಾಗದ ಸಾರ್. ಚಕ್ರದ ಕೆಳಗೆ ಬಗ್ಗಿ ನೋಡ್ಲಿಲ್ಲ."

ಮ್ಯಾನೇಜರ್ ನಮ್ಮ ಕಡೆ ತಿರುಗಿದ. "ನೋಡಿ, ನಿಮ್ಮೂರ ಹುಡುಗಿಯಂತೆ. ಇವಳು ಸೈನ್ ಹಾಕದಿದ್ರೆ ನಿಮ್ಮ ಯಾತ್ರೆಯೂ ಹೋಯ್ತು, ಇವಳ ಕೆಲಸಾನೂ ಹೋಯ್ತು. ನೀವೇ ಬುದ್ಧಿ ಹೇಳಿ."

ಬಿಂದು ನನ್ನ ಮುಖ ನೋಡಿದಳು. ಮಲ್ಲಾಜಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. ಬಿಂದುವನ್ನು ಬೈಯುತ್ತಾಳೆ ಎಂದುಕೊಂಡೆ. ಅವಳು ಹೋಗಿ ನಿಂತದ್ದು ಮ್ಯಾನೇಜರನ ಎದುರಿಗೆ.

"ಸಾ, ನಮ್ಮಪ್ಪ ನರಸೀಪುರದ ಒಳೇಲಿ ಅರಿಗೋಲು ಆಕ್ತಿದ್ದ. ಅದ್ಕೆ ಟಾರ್ ಬಳುದ್ ದಿನ ಮೊದ್ಲು ನಮ್ಮನ್ನೇ ಕೂರುಸ್ಕೊಂಡು ಒಂದ್ ಸುತ್ತು ಬತ್ತಿದ್ದ. ಆಮೇಲೇ ಜನ ಅತ್ತೋರು. ನೀವೂ ಎಂಡ್ರು ಮಕ್ಳ ಕರ್ಕೊಂಬನ್ನಿ. ಮುಂದ್ಗಡೆ ಸೀಟು ಬುಟ್ಕೊಡ್ತೀವಿ."

"ನಂಗೆ... ಇಲ್ಲಿ ಡ್ಯೂಟಿ ಇದೆ."

"ಮಗೀಗೂ ಇಲ್ಲೇ ಕಣ್ ಸಾ ಡ್ಯೂಟಿ ಇರೋದು. ಮಾಡ್ಲಿ ಬುಡಿ!"

ಹಾಲ್ ತುಂಬ ನಗು ಎದ್ದಿತು. ಲ್ಯಾಪ್‌ಟಾಪ್ ಹಿಡಿದು ಕುಳಿತಿದ್ದವರೂ "ನಾವೂ ಹತ್ತಲ್ಲ" ಎಂದರು. ಬಿಂದು ಅಲ್ಲೇ ನಿಂತು ಸರ್ಕಾರದ ತಪಾಸಣಾ ಕಚೇರಿಗೆ ಫೋನ್ ಮಾಡಿದಳು. ಆ ರಾತ್ರಿ ಕಂಪನಿಯವರು ನಮ್ಮನ್ನು ನಂಜನಗೂಡಿನ ಲಾಡ್ಜಿನಲ್ಲಿ ಇಳಿಸಿದರು.

ಬೆಳಿಗ್ಗೆ ಬಂದ ಅಧಿಕಾರಿ ಬಿಂದುವಿನ ಜೊತೆ ಚಕ್ರದ ಪಕ್ಕ ಮಂಡಿಯೂರಿದರಂತೆ. ಬ್ರೇಕ್ ಒತ್ತಿಸಿದ ಕೂಡಲೇ ಪೈಪು ಬಿರಿದು ಎಣ್ಣೆ ಅವರ ಅಂಗಿಗೇ ಚಿಮ್ಮಿತಂತೆ. ಆ ಕಂಪನಿಯ ಎಲ್ಲ ವಿಮಾನಗಳನ್ನೂ ನಿಲ್ಲಿಸಿ ಪೈಪು ನೋಡಬೇಕೆಂದು ಅಂದೇ ಆದೇಶವಾಯಿತು. ಇನ್ನೂ ಎರಡರಲ್ಲಿ ಅದೇ ಸವೆತ ಸಿಕ್ಕಿತು. ಬಿಂದುವನ್ನು ಕೆಲಸದಿಂದ ತೆಗೆಯುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಸಂಜೆಗೆ ಹೊಸ ಪೈಪು ಬಂತು. ನಾವು ವಿಮಾನದ ಬಳಿ ನಡೆದು ಹೋದಾಗ ಬಿಂದು ಮೆಟ್ಟಿಲ ಬುಡದಲ್ಲಿ ನಿಂತಿದ್ದಳು.

"ಈಗ ಸೈನ್ ಆಕುದ್ಯೇನವ್ವ?" ಎಂದಳು ಮಲ್ಲಾಜಮ್ಮ.

"ಹಾಕ್ದೆ ಅಜ್ಜಿ. ಧೈರ್ಯವಾಗಿ ಹತ್ತಿ."

ಮಲ್ಲಾಜಮ್ಮ ಅವಳ ಕೈ ಹಿಡಿದು ಮೇಲೆತ್ತಿ, "ಜೈ ಭೀಮ್!" ಎಂದು ಕೂಗಿದಳು. ನಾವೆಲ್ಲರೂ ಕೂಗಿದೆವು. ಇಂಜಿನ್ ಇನ್ನೂ ಶುರುವಾಗಿರಲಿಲ್ಲ. ಆ ಬಯಲೆಲ್ಲ ನಮ್ಮ ದನಿಯೇ.