ಗದ್ದದ ಮೇಲಿನ ಗೀರು

“ಒಂದೇ ಗೆರೆ ಬಂದಿದೆ, ಲಿಯೋನಿಸಕ್ಕಾ. ನಿಮ್ಮ ಮಗಳು ಬಸುರಿ ಅಲ್ಲ.” ನರ್ಸ್ ಕೊರಾಸನ್ ಪರೀಕ್ಷೆಯ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದಳು.

ಲಿಯೋನಿಸಾ ಮಗಳ ಮುಖ ನೋಡಲಾರದೆ ಗೋಡೆಯ ಮೇಲಿನ ಲಸಿಕೆಯ ಚಿತ್ರದತ್ತ ತಿರುಗಿದಳು. ಬೆಳಿಗ್ಗೆಯಷ್ಟೇ ಮೀನು ಒಣಹಾಕುವ ಬಿದಿರ ತಟ್ಟಿಗಳ ನಡುವೆ ನಿಂತು, ಕೇರಿಯ ಹೆಂಗಸರಿಗೆಲ್ಲ ಕೇಳಿಸುವಂತೆ, “ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ ಅಂದ್ರೆ ಏನರ್ಥ? ಯಾರವನು, ಬೊಗಳೇ!” ಎಂದು ಕೂಗಾಡಿದ್ದಳು. ಹದಿನಾರರ ಮರಿವೆಲ್ ಉಪ್ಪು ಮೆತ್ತಿದ ಕೈಗಳನ್ನು ಲಂಗಕ್ಕೆ ಒರೆಸಿಕೊಂಡು ಸುಮ್ಮನೆ ನಿಂತಿದ್ದಳು. ಆ ಮೌನವನ್ನೇ ತಪ್ಪೊಪ್ಪಿಗೆ ಎಂದುಕೊಂಡು ತಾಯಿ ಅವಳ ರಟ್ಟೆ ಹಿಡಿದು ಆರೋಗ್ಯ ಕೇಂದ್ರಕ್ಕೆ ಎಳೆದು ತಂದಿದ್ದಳು.

ಕೊರಾಸನ್ ಸ್ಟೂಲನ್ನು ಹುಡುಗಿಯ ಹತ್ತಿರಕ್ಕೆ ಎಳೆದುಕೊಂಡಳು. “ಗದ್ದಕ್ಕೆ ಏನಾಯ್ತಮ್ಮಾ?”

“ಮೊಡವೆ ಕಿತ್ಕೊಂಡೆ.”

“ಮೊಡವೆ ಕಿತ್ರೆ ಗೀರು ಇಷ್ಟು ನೇರ ಬರಲ್ಲ. ಬ್ಲೇಡಾ?”

ಮರಿವೆಲ್‌ಳ ಕಣ್ಣು ತುಂಬಿಕೊಂಡಿತು. “ಅಪ್ಪನ ರೇಜರು. ಕ್ಲಾಸಲ್ಲಿ ಹುಡುಗ್ರು ನನ್ನ ‘ಮಾವಯ್ಯ’ ಅಂತ ಕರೀತಾರೆ. ಅದಕ್ಕೇ ಚರ್ಚಿನ ಹಾಡೋ ಗುಂಪು ಬಿಟ್ಟೆ. ಅಲ್ಲಿ ಮುಂದಿನ ಸಾಲಲ್ಲಿ ನಿಲ್ಲಿಸ್ತಾರೆ.”

ಸೋಮಾರಿತನಕ್ಕೆ ಬಿಟ್ಟಳೆಂದು ಆಗಲೂ ಬೈದಿದ್ದಳು ಲಿಯೋನಿಸಾ.

“ಇದರಲ್ಲಿ ನಿನ್ನ ತಪ್ಪೇನಿಲ್ಲ ಕಣೇ,” ಎಂದಳು ಕೊರಾಸನ್. “ಹಾರ್ಮೋನು ಏರುಪೇರಾದ್ರೆ ಮುಟ್ಟು ನಿಲ್ಲತ್ತೆ, ಮುಖದ ಮೇಲೆ ಕೂದಲು ಬರತ್ತೆ. ಪಿಸಿಓಎಸ್ ಅನ್ನೋ ಅಂಡಾಶಯದ ತೊಂದರೆ ಇರಬಹುದು. ಎಷ್ಟೋ ಹೆಂಗಸರಿಗೆ ಇರತ್ತೆ, ಯಾರೂ ಬಾಯಿ ಬಿಡಲ್ಲ ಅಷ್ಟೆ. ಥೈರಾಯ್ಡೂ ನೋಡಿಸ್ಬೇಕು. ಇಲೊಯಿಲೊ ಪಟ್ಟಣದ ಡಾಕ್ಟರಿಗೆ ಚೀಟಿ ಕೊಡ್ತೀನಿ, ರಕ್ತ ಪರೀಕ್ಷೆ, ಸ್ಕ್ಯಾನು ಮಾಡ್ತಾರೆ. ಔಷಧಿ ಇದೆ.” ಬರೆಯುತ್ತ ತಲೆಯೆತ್ತಿದಳು. “ಮನೇಲಿ ಬೇರೆ ಯಾರಿಗಾದ್ರೂ ಹೀಗಿತ್ತಾ? ನಿಮಗೆ? ನಿಮ್ಮ ತಂಗಿಗೆ?”

“ಇಲ್ಲ,” ಎಂದಳು ಲಿಯೋನಿಸಾ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಾಯಿಗೆ ಬಂದಿತ್ತು.

ಇಪ್ಪತ್ತೈದು ವರ್ಷಗಳಿಂದ ಅವಳು ಕೋಳಿ ಕೂಗುವ ಮೊದಲು ಎದ್ದು, ಬಚ್ಚಲಿಗೆ ಅಗುಳಿ ಹಾಕಿಕೊಂಡು, ಕನ್ನಡಿಯಿಲ್ಲದೆ ಬೆರಳಿನಲ್ಲೇ ತಡವಿ ಗದ್ದ ಬೋಳಿಸಿಕೊಳ್ಳುತ್ತಿದ್ದಳು. ಗಂಡನಿಗೆ ಗೊತ್ತಿರಲಿಲ್ಲ. ಮದುವೆಯಾಗಿ ಏಳು ವರ್ಷ ಬಂಜೆ ಅನ್ನಿಸಿಕೊಂಡ ಮೇಲೆ ಹುಟ್ಟಿದವಳು ಮರಿವೆಲ್. ತಾನು ಯಾವುದೋ ಪಾಪ ಮಾಡಿರಬೇಕು, ಅದು ತನ್ನ ಜೊತೆಗೇ ಮುಗಿಯುತ್ತದೆ ಎಂದು ಅವಳು ನಂಬಿದ್ದಳು.

“ಹಾಗಾದ್ರೆ ನನಗೊಬ್ಬಳಿಗೇ,” ಎಂದಳು ಮರಿವೆಲ್, ಯಾರಿಗೂ ಅಲ್ಲದ ಹಾಗೆ.

ಕೊರಾಸನ್ ಚೀಟಿ ಮಡಿಸಲು ಹೋದಳು. ಲಿಯೋನಿಸಾ ಅದರ ಮೇಲೆ ಅಂಗೈ ಇಟ್ಟಳು.

“ತಡಿ. ಇಲ್ಲ ಅಂತ ಬರೆದಿದ್ದನ್ನ ಹೊಡೆದುಹಾಕು. ನನಗಿದೆ. ಇವಳ ವಯಸ್ಸಿಂದಾನೂ. ದಿನಾ ಬೋಳಿಸ್ತೀನಿ.”

ಮರಿವೆಲ್ ತಾಯಿಯ ಗದ್ದವನ್ನೇ ದಿಟ್ಟಿಸಿದಳು. “ಗೊತ್ತಿತ್ತಾ ನಿಂಗೆ? ಗೊತ್ತಿದ್ದೂ ಎಲ್ಲರ ಮುಂದೆ ನನ್ನನ್ನ...”

“ನಿನ್ನ ಗದ್ದ ನಾನು ಸರಿಯಾಗಿ ನೋಡೇ ಇಲ್ಲ ಮಗಾ. ನೋಡೋಕೆ ಹೆದರ್ತಿದ್ದೆ.”

ಕೊರಾಸನ್ ಎರಡನೆಯ ಚೀಟಿ ಬರೆದು ಅದರ ಮೇಲೆ ಲಿಯೋನಿಸಾಳ ಹೆಸರು ಹಾಕಿದಳು.

ಹೊರಗೆ ಬಿಸಿಲು ಸುಡುತ್ತಿತ್ತು. ಮರಿವೆಲ್ ಬಿರಬಿರನೆ ಮುಂದೆ ನಡೆದುಬಿಟ್ಟಳು. ಲಿಯೋನಿಸಾಗೆ ಅವಳನ್ನು ಕೂಗಿ ಕರೆಯುವ ಧೈರ್ಯ ಬರಲಿಲ್ಲ. ಕೇರಿಯ ಹೆಂಗಸರಿಗೆ ಏನು ಹೇಳಬೇಕು, ಎಲ್ಲಿಂದ ಶುರುಮಾಡಬೇಕು ಎಂದು ತಿಳಿಯದೆ ತಲೆ ತಗ್ಗಿಸಿಕೊಂಡು ಹಿಂದೆ ನಡೆದಳು.

ಹಿನ್ನೀರಿನ ಬಳಿ ಬಿದಿರ ಕಾಲುಸೇತುವೆ. ಒಬ್ಬರು ಕಾಲಿಟ್ಟರೆ ಸಾಕು, ಪೂರ್ತಿ ತೂಗುತ್ತದೆ. ಮರಿವೆಲ್ ಅದರ ಈಚೆ ತುದಿಯಲ್ಲಿ ನಿಂತಿದ್ದಳು. ಹಿಂದಕ್ಕೆ ತಿರುಗಲಿಲ್ಲ, ದಾಟಲೂ ಇಲ್ಲ. ಸಡಿಲವಾದ ಕೈಗಂಬಿಯನ್ನು ತಾಯಿ ದಾಟುವಾಗ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು, ನೀರು ನೋಡುತ್ತ ನಿಂತಿದ್ದಳು.