ಬಂಡೆಪ್ಪನಿಗೊಂದು ಸಂಬಂಧ

ಚೆಂಬೂರಿನಲ್ಲಿರುವ ವಿಜಯಪುರ ಕಡೆಯ ಮನೆಗಳಲ್ಲಿ ಯಾವ ಲಗ್ನ ಕೂಡಬೇಕಾದರೂ ಮೊದಲು ಸುಂದ್ರವ್ವ ಹೋಗಿ ಕನ್ಯಾ ನೋಡಬೇಕು. ಇದನ್ನು ಯಾರೂ ಕಾಯ್ದೆ ಮಾಡಿಟ್ಟಿಲ್ಲ. ಆದರೆ ಮೀರಿದವರು ಪಶ್ಚಾತ್ತಾಪ ಪಟ್ಟಿದ್ದಾರೆ ಎಂದು ಸುಂದ್ರವ್ವನೇ ಹೇಳುತ್ತಾಳೆ. ಹುಡುಗಿ ಚಹಾ ತಂದಿಡುವಾಗ ಉಳಿದವರು ಮುಖ ನೋಡಿದರೆ ಈಕೆ ಹಿಮ್ಮಡಿ ನೋಡುತ್ತಾಳೆ. ಮುಖಕ್ಕೆ ಪೌಡರ್ ಬಳಿಯಬಹುದು, ಹಿಮ್ಮಡಿಗೆ ಯಾರು ಬಳಿಯುತ್ತಾರೆ? ಆಮೇಲೆ "ಒಂದೀಟ ನೀರ ಕೊಡವಾ" ಎನ್ನುವಳು, ನೀರು ಬರುವ ತನಕ ಕಾಯದೆ ತಾನೇ ಅಡುಗೆಮನೆಗೆ ನುಗ್ಗುವಳು, ಅಲ್ಲಿಂದ ಮೋರಿಗೆ, ಅಂದರೆ ಬಚ್ಚಲಿಗೆ, ಮೋರಿಯಿಂದ ಹಿಂದಿನ ಗ್ಯಾಲರಿಗೆ. ತಿರುಗಿ ಬಂದು ಕೂಡುವಷ್ಟರಲ್ಲಿ ಆ ಮನೆಯ ಹಣೆಬರಹವೆಲ್ಲ ಆಕೆಗೆ ಗೊತ್ತಾಗಿರುತ್ತದೆ. ಮನಸ್ಸಿಗೆ ಬಂದರೆ ಚೀಲದಿಂದ ಸಕ್ಕರೆಯ ಪೊಟ್ಟಣ ತೆಗೆದು ಎಲ್ಲರ ಬಾಯಿಗೂ ಹಾಕುತ್ತಾಳೆ. ಸಕ್ಕರೆ ಹಂಚಿದಳೆಂದರೆ ಮಾತು ಮುಗಿಯಿತು. ಆಮೇಲೆ ದೇವರೇ ಬಂದು ಬೇಡವೆಂದರೂ ಸುಂದ್ರವ್ವ ಕೇಳುವವಳಲ್ಲ.

ಇಂಥವಳಿಗೆ ಈ ವರ್ಷ ಸ್ವಂತ ಗಂಡನಿಗೇ ಒಂದು ಮನೆ ನೋಡುವ ಪ್ರಸಂಗ ಬಂತು.

ಗಂಡ ಬಂಡೆಪ್ಪ ರಿಫೈನರಿಯಲ್ಲಿ ವೆಲ್ಡರ್ ಆಗಿದ್ದ ಆಳು. ಎತ್ತರಕ್ಕೆ ತಕ್ಕ ತೂಕ, ತೂಕಕ್ಕೆ ತಕ್ಕ ಸಿಟ್ಟು. ದೀಪಾವಳಿಯ ಹೊತ್ತಿಗೆ ಲಕ್ವಾ ಹೊಡೆದು ಎಡಗೈ ಎಡಗಾಲು ಬಿದ್ದುಹೋದವು. ನಾಲಿಗೆಯೂ ತುಸು ತೊದಲುತ್ತಿತ್ತು, ಬೈಗುಳ ಮಾತ್ರ ಸ್ವಚ್ಛವಾಗಿ ಬರುತ್ತಿತ್ತು. ಅವನನ್ನು ಎಬ್ಬಿಸುವುದು, ಕೂಡಿಸುವುದು, ಮೋರಿಗೆ ಒಯ್ಯುವುದು ಎಲ್ಲ ಸುಂದ್ರವ್ವನ ಪಾಲಿಗೆ. ಹೋದ ತಿಂಗಳು ಮೋರಿಯಲ್ಲಿ ಅವನು ಜಾರಿ ಬಿದ್ದ, ಅವನ ಕೆಳಗೆ ಈಕೆ. ಪಕ್ಕದ ಮನೆಯ ಕಾಶವ್ವ ಜನ ಕರೆದು ಬಾಗಿಲು ಒಡೆಸುವವರೆಗೂ ಗಂಡ ಹೆಂಡಿರಿಬ್ಬರೂ ಒದ್ದೆ ನೆಲದ ಮೇಲೆ. ಬಂಡೆಪ್ಪ ಅಲ್ಲೇ ಬಿದ್ದುಕೊಂಡು, "ಲಗ್ನ ಆದ ಹೊಸದಾಗೂ ಇಷ್ಟ ಹತ್ರ ಇರಲಿಲ್ಲಲ್ಲೇ ಸುಂದ್ರಿ" ಎಂದು ನಕ್ಕಿದ್ದ. ಸುಂದ್ರವ್ವನೂ ನಕ್ಕಿದ್ದಳು. ಆದರೆ ಒಳಗೊಳಗೇ ಆಕೆಯ ಎದೆ ಒಡೆದುಹೋಗಿತ್ತು. ಇನ್ನೊಮ್ಮೆ ಬಿದ್ದರೆ ಈ ಮನುಷ್ಯ ನನ್ನ ಕೈಯಲ್ಲೇ ಸಾಯುತ್ತಾನೆ ಎಂಬ ಹೆದರಿಕೆ ಅಂದಿನಿಂದ ಆಕೆಯನ್ನು ಬಿಟ್ಟಿರಲಿಲ್ಲ.

ಮಗಳು ಶಿವಕುಮಾರಿ ಕಾಂದಿವಲಿಯಲ್ಲಿ ಅತ್ತೆ ಮಾವನ ಜೊತೆ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿರುವವಳು. ಅವಳೇ ಫೋನಿನಲ್ಲಿ ಹುಡುಕಿ, ಹಾಸಿಗೆ ಹಿಡಿದವರನ್ನು ಇಟ್ಟುಕೊಂಡು ಹಗಲು ರಾತ್ರಿ ನೋಡಿಕೊಳ್ಳುವ ಹೋಮ್‌ಗಳಿವೆ ಎಂದು ತನ್ನ ಹಿಂದಿ ಬೆರೆತ ಕನ್ನಡದಲ್ಲಿ ಹೇಳಿದಳು. "ಅವ್ವಾ, ಸ್ಟಾರ್ ಚಲೋ ಇದೆ ನಾ. ರಿವ್ಯೂ ಬೀ ಚಲೋ ಇದೆ."

"ಚುಕ್ಕಿ ಎಣಿಸಿ ಯಾರರೆ ಮನಿ ಗೊತ್ತ ಮಾಡ್ತಾರೇನವಾ? ನಡಿ, ನಾ ನೋಡತೀನಿ" ಎಂದಳು ಸುಂದ್ರವ್ವ.

ಮೊದಲು ನೋಡಿದ್ದು ಪವಾಯಿಯದು. ಗಾಜಿನ ಬಾಗಿಲು, ಒಳಗೆ ಚಿಮ್ಮುವ ಕಾರಂಜಿ, ಕೋಟು ಹಾಕಿಕೊಂಡ ಮ್ಯಾನೇಜರ್ ಹೆಂಗಸು. ಸುಂದ್ರವ್ವ ಪದ್ಧತಿಯ ಪ್ರಕಾರ ನೀರು ಕೇಳಿದಳು. ಕೇಳಿದ್ದೇ ತಡ ಬಾಟಲಿ ಬಂದುಬಿಟ್ಟಿತು. "ಬಾಟಲಿ ನೀರ ನಂಗ ಆಗಂಗಿಲ್ರಿ" ಎಂದವಳೇ ಒಳಗೆ ನುಗ್ಗಿ, ಮಲಗಿದ್ದ ಮುದುಕನೊಬ್ಬನ ಸಾಕ್ಸ್ ಎಳೆದು ನೋಡಿದಳು. ಸಾಕ್ಸ್ ಹೊಸದು, ಹಿಮ್ಮಡಿಯ ಹುಣ್ಣು ಹಳೆಯದು. ಅಲ್ಲೇ ಆ ಮ್ಯಾನೇಜರ್ ಹೆಂಗಸಿಗೆ ತೋರಿಸಿ, ಔಷಧ ಹಚ್ಚಿಸಿಯೇ ಹೊರಗೆ ಬಂದಳು. "ಹುಡುಗಿ ಚಂದ ಅದಾಳ, ಮನಿತನ ಸರಿ ಇಲ್ಲ" ಎಂದು ರಿಕ್ಷಾದಲ್ಲಿ ಮಗಳಿಗೆ ತೀರ್ಪು ಹೇಳಿದಳು.

ಎರಡನೆಯದು ಕಾಂದಿವಲಿಯದು. ಹೊರಡುವಾಗ ಬಂಡೆಪ್ಪ ಕೇಳಿದ, "ಎಲ್ಲಿಗಿ ಹೊಂಟಿ?"

"ಕಾಂದಿವಲಿಯಾಗ ಒಂದ ಸಂಬಂಧ ಬಂದೈತ್ರಿ. ನೋಡಿ ಬರತೀನಿ."

"ಯಾರಿಗೆ?"

"ನಮ್ಮ ಪೈಕಿಯವ್ರಿಗೇ."

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಸುಂದ್ರವ್ವ ಹೇಳಿದ್ದು ಒಂದೇ, ಅದೂ ಅರ್ಧ. ಬಂಡೆಪ್ಪನ ಹತ್ತಿರ ಕಾಶವ್ವನನ್ನು ಕೂಡಿಸಿ ಆಕೆ ಲೋಕಲ್ ಹಿಡಿದಳು. ಕಾಂದಿವಲಿಯಲ್ಲಿ ಮಗಳು ಜೊತೆಗೂಡಿದಳು.

ಕಾಂದಿವಲಿಯ ಹೋಮ್ ಇಂಡಸ್ಟ್ರಿಯಲ್ ಎಸ್ಟೇಟಿನ ಬೆನ್ನಿಗಿತ್ತು. ಬಣ್ಣ ಅಲ್ಲಲ್ಲಿ ಕಿತ್ತಿದ್ದ ಬಿಲ್ಡಿಂಗು. ಮ್ಯಾನೇಜರ್ ಸದಾನಂದ ಉಡುಪಿ ಕಡೆಯವನು. ಕನ್ನಡ ಕಿವಿಗೆ ಬಿದ್ದದ್ದೇ ಹಿಗ್ಗಿಹೋದ.

"ಬನ್ನಿ ಅಮ್ಮ, ಬನ್ನಿ, ಕೂತುಕೊಳ್ಳಿ ಮಾರಾಯ್ರೆ. ಏನು ಬೇಕಾದರೂ ಕೇಳಿ, ನಮ್ಮಲ್ಲಿ ಮುಚ್ಚುಮರೆ ಎಂಥದ್ದೂ ಇಲ್ಲ."

ಇಂಥ ಮಾತನ್ನು ಸುಂದ್ರವ್ವನ ಎದುರು ಆಡಬಾರದಿತ್ತು. "ನಿಮ್ಮ ಮನಿದೇವ್ರು ಯಾವುದ್ರಿ?" ಎಂದು ಶುರು ಮಾಡಿದಳು.

"ದೈವ ಉಂಟಮ್ಮ ಊರಲ್ಲಿ. ಯಾಕೆ?"

"ಅಡುಗಿ ಯಾರ ಮಾಡ್ತಾರ? ಸಿಟ್ಟ ಬರತೈತೇನು ನಿಮಗ? ಬಂದ್ರ ಏನ ಮಾಡ್ತೀರಿ? ಎಲ್ಲಿ, ಒಂದೀಟ ಅಲ್ಲೀತನಾ ನಡದ ತೋರಸ್ರಿ."

ಸದಾನಂದ ಕಕ್ಕಾಬಿಕ್ಕಿಯಾಗಿ ಕಾರಿಡಾರಿನ ತುದಿಯ ತನಕ ನಡೆದು ತಿರುಗಿ ಬಂದ. ಶಿವಕುಮಾರಿ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. "ಹಾಡ ಬರತೈತೇನು?" ಎಂದಾಗ ಬಡಪಾಯಿ ಒಂದು ಭಜನೆಯನ್ನೂ ಎತ್ತಿಕೊಂಡ. ಅವನ ದನಿ ಕೇಳಿ ಕೋಣೆಗಳಿಂದ ಮುದುಕ ಮುದುಕಿಯರು ವಾಕರ್ ಕುಟ್ಟುತ್ತ, ಗಾಲಿಕುರ್ಚಿ ಉರುಳಿಸುತ್ತ ಹೊರಗೆ ಬಂದರು. ಮ್ಯಾನೇಜರ್ ಹಾಡುವುದನ್ನು ಅವರು ಕಂಡದ್ದು ಅಂದೇ ಮೊದಲು.

ಸುಂದ್ರವ್ವ ಆಗಲೇ ನೀರಿನ ನೆಪದಲ್ಲಿ ಅಡುಗೆಮನೆ, ಮೋರಿ ಮುಗಿಸಿ, ಹಾಸಿಗೆಯಿಂದ ಹಾಸಿಗೆಗೆ ಹಿಮ್ಮಡಿ ನೋಡುತ್ತ ನಡೆದಿದ್ದಳು. ಸಾರಿಗೆ ಉಪ್ಪು ಕಮ್ಮಿ. ಮೋರಿಯ ಒಂದು ನಲ್ಲಿ ಸೋರುತ್ತಿತ್ತು. ಹಿಮ್ಮಡಿಗಳು ಮಾತ್ರ ಎಣ್ಣೆ ಕಂಡ ಮೆತ್ತನೆಯ ಹಿಮ್ಮಡಿಗಳು. ಆಕೆಯ ಮುಖ ಅರಳತೊಡಗಿತು.

"ಇವರನ್ನ ಎತ್ತೋರು ಯಾರು?"

"ನಾನ್ರೀ ಅವ್ವಾರ. ಮುಬೀನಾ ಅಂತ, ಸಿಂದಗಿ ಕಡೀದಾಕಿ" ಎಂದು ನರ್ಸ್ ಮುಂದೆ ಬಂದಳು. ಸಣಕಲು ಹೆಂಗಸು. ಬಂಡೆಪ್ಪನ ಅರ್ಧವೂ ಇಲ್ಲ.

ಸುಂದ್ರವ್ವ ಆಕೆಯನ್ನು ಮೇಲಿಂದ ಕೆಳಗೆ ನೋಡಿ, ಚಪ್ಪಲಿ ಬಿಚ್ಚಿ, ಖಾಲಿ ಇದ್ದ ಮಂಚದ ಮೇಲೆ ಉದ್ದಕ್ಕೆ ಮಲಗಿಬಿಟ್ಟಳು. "ಈಗ ನಾ ನಮ್ಮನಿಯವ್ರು. ಎಡಗೈ ಇಲ್ಲ, ಎಡಗಾಲಿಲ್ಲ. ಎಬ್ಬಸು ನೋಡೂಣು."

ಮುಬೀನಾ ಹತ್ತಿರ ಬಂದದ್ದೇ ತಡ, ಸುಂದ್ರವ್ವ ಬಂಡೆಪ್ಪನೇ ಆಗಿಹೋದಳು. "ಏಯ್! ಮುಟ್ಟಬ್ಯಾಡ! ನಾ ಏಳಂಗಿಲ್ಲ, ಹೋಗ! ಇದೇನ ಚಹಾನ? ಎಮ್ಮಿ ಮೈ ತೊಳದ ನೀರ ತಂದೀ ಏನ?" ಎಂದು ಗಂಡನ ದಪ್ಪ ದನಿಯಲ್ಲಿ ಚೀರಿ ದಿಂಬು ಎಸೆದಳು. ಅದು ಸದಾನಂದನ ಮೂತಿಗೆ ಹೋಗಿ ಬಡಿಯಿತು. ಮಾಧುರಿ ಎಂಬ ಮರಾಠಿ ಅಜ್ಜಿ ಗಾಲಿಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟಿ ಇನ್ನೂ ಎಸಿ, ಇನ್ನೂ ಎಸಿ ಎಂದು ಮರಾಠಿಯಲ್ಲಿ ಹುರಿದುಂಬಿಸಿದಳು. ಶಿವಕುಮಾರಿಗೆ ನಾಚಿಕೆ ಹೋಗಿ ನಗು ಬಂತು. ಅಪ್ಪನನ್ನು ಅಷ್ಟು ಸರಿಯಾಗಿ ಯಾರೂ ಆಡಿ ತೋರಿಸಿರಲಿಲ್ಲ.

ಮುಬೀನಾ ಮುಟ್ಟಲಿಲ್ಲ. ಮಂಚದ ಅಂಚಿಗೆ ಕೂತಳು. "ಆತ್ರೀ ಕಾಕಾ, ಏಳಬ್ಯಾಡ್ರಿ. ಎದ್ರ ಎಲ್ಲಿಗಿ ಹೋಗೂಣು, ಅದರೆ ಹೇಳ್ರಿ. ಕಿಡಕಿ ಕಡಿಗೋ, ಮೋರಿ ಕಡಿಗೋ?"

ಸುಂದ್ರವ್ವ ತಬ್ಬಿಬ್ಬಾದಳು. ಬಂಡೆಪ್ಪ ಏನು ಹೇಳುತ್ತಿದ್ದ? "ಕಿಡಕಿ ಕಡಿಗೆ" ಎಂದಳು, ದನಿ ತುಸು ಇಳಿಸಿ.

"ಹಂಗಾರ ಬಲಗಾಲ ಮಡಚ್ರಿ. ಎತ್ತಲೇನ್ರಿ?"

"ಎತ್ತು."

ಸೊಂಟಕ್ಕೆ ಅಗಲವಾದ ಪಟ್ಟಿ ಬಿಗಿದು, ಮೆಲ್ಲಗೆ ಮಗ್ಗುಲಿಗೆ ಹೊರಳಿಸಿ, ಕಾಲು ಕೆಳಗಿಳಿಸಿ, "ನನ್ನ ಕಡಿ ಬಗ್ಗ್ರೀ" ಎಂದಳು ಮುಬೀನಾ. ಸುಂದ್ರವ್ವ ಬಗ್ಗಿದಳು, ನಿಂತೇಬಿಟ್ಟಳು. ಯಾವಾಗ ಎದ್ದೆ ಎಂಬುದೇ ತಿಳಿಯಲಿಲ್ಲ. ನಂಬಿಕೆ ಬಾರದೆ ಮತ್ತೆ ಮಲಗಿ, ಈ ಸಲ ಮೈಯೆಲ್ಲ ಸಡಿಲ ಬಿಟ್ಟು, ಬೇಕೆಂದೇ ಭಾರ ಹಾಕಿದಳು. ಮುಬೀನಾ ಮತ್ತೊಬ್ಬಳನ್ನು ಕರೆದು ಎತ್ತಿದಳು. "ಇಷ್ಟ ಭಾರ ಇದ್ರ ಒಬ್ಬಾಕೀನೇ ಎತ್ತಬಾರದ್ರಿ, ಇಬ್ರೂ ಬೀಳತೀವಿ" ಎಂದಳು.

ಆ ಮಾತು ಕೇಳಿ ಸುಂದ್ರವ್ವನ ಕಣ್ಣು ತುಂಬಿ ಬಂತು. ಅಳುವ ಬದಲು ಆಕೆ ಚೀಲಕ್ಕೆ ಕೈ ಹಾಕಿದಳು. ಸಕ್ಕರೆ ಮುಬೀನಾಳ ಬಾಯಿಗೆ, ಸದಾನಂದನ ಬಾಯಿಗೆ, ಮಾಧುರಿ ಅಜ್ಜಿಯ ಬಾಯಿಗೆ. ಅಷ್ಟರಲ್ಲಿ ಕಾರಿಡಾರಿನ ತುಂಬ ಬಾಯಿಗಳು ಆ ಎಂದು ತೆರೆದುಕೊಂಡವು. ಸುಂದ್ರವ್ವ ಎರಡೂ ಕೈಯಿಂದ ಹಾಕುತ್ತ ಹೋದಳು.

"ಅವ್ವಾರ! ಎಲ್ಲಾರೂ ಶುಗರ್ ಪೇಶಂಟ್ ಅದಾರ್ರೀ!" ಎಂದು ಮುಬೀನಾ ಓಡಿ ಬಂದಳು. "ಉಗುಳ್ರಿ, ಥೂ ಅನ್ರಿ!" ಯಾರು ಉಗುಳುತ್ತಾರೆ? ವರ್ಷಗಟ್ಟಲೆ ಸಪ್ಪೆ ಚಹಾ ಕುಡಿದವರು ತುಟಿ ಬಿಗಿಹಿಡಿದು ಗಾಲಿಕುರ್ಚಿಗಳಲ್ಲಿ ದಿಕ್ಕಾಪಾಲಾಗಿ ಪರಾರಿಯಾದರು. ಗುಜರಾತಿ ಮುದುಕನೊಬ್ಬ, ನನಗೂ ಒಂದು ಸಂಬಂಧ ನೋಡು ತಾಯಿ ಎಂದು ಹಿಂದಿಯಲ್ಲಿ ಕೈ ಮುಗಿದ. ಸದಾನಂದ ಸಕ್ಕರೆ ಚೀಪುತ್ತಲೇ, ಬರುವ ಸೋಮವಾರ ಹಾಸಿಗೆ ಕೊಡುತ್ತೇನೆ ಎಂದ.

ಕಾಂದಿವಲಿ ಪ್ಲ್ಯಾಟ್‌ಫಾರ್ಮಿನಿಂದಲೇ ಸುಂದ್ರವ್ವ ಕಾಶವ್ವನಿಗೆ ಫೋನು ಹಚ್ಚಿದಳು. ಲೋಕಲ್ಲಿನ ಗದ್ದಲಕ್ಕೆ ಗಂಟಲು ಹರಿಯುವಂತೆ ಕೂಗಿದಳು. "ಕೂಡಿತವಾ ಕಾಶವ್ವಾ, ಕೂಡಿತು! ನಮ್ಮನಿಯವ್ರಿಗೆ ಹೇಳಿ ಮಾಡಿಸಿದ ಮನಿ! ಸಕ್ರಿ ಹಂಚೀನಿ, ಸೋಮವಾರ ಕಳಸೂದು!"

ಆ ಕಡೆ ಕಾಶವ್ವನ ಕೈ ರೊಟ್ಟಿ ಹಿಟ್ಟಿನಲ್ಲಿತ್ತು. ಅದಕ್ಕೇ ಫೋನನ್ನು ಸ್ಪೀಕರಿಗೆ ಹಾಕಿ ಬಂಡೆಪ್ಪನ ದಿಂಬಿನ ಮೇಲಿಟ್ಟಿದ್ದಳು.  "ಭಾಳ ಘಾಯಿ ಮಾಡಿದಿ ಸುಂದ್ರವ್ವ, ಅವಸರ ಆತು" ಎಂದಷ್ಟೇ ಹೇಳಿದಳು. ಹಿಂದಿನಿಂದ ಬಂಡೆಪ್ಪ ಕೆಮ್ಮಿದ್ದು ಕೇಳಿಸಿತು.

ಲೋಕಲ್ಲಿನಲ್ಲಿ ಕಿಟಕಿಯ ಸೀಟು ಸಿಕ್ಕಿದರೂ ಸುಂದ್ರವ್ವನಿಗೆ ಹೊರಗೆ ನೋಡುವ ಮನಸ್ಸಾಗಲಿಲ್ಲ.

"ಅವ್ವಾ, ಅಪ್ಪಗ ಪೂಛಾ ಮಾಡಿಲ್ಲ ನೀ, ಕೇಳೇ ಇಲ್ಲ?" ಎಂದಳು ಜೊತೆಗೇ ಚೆಂಬೂರಿಗೆ ಹೊರಟಿದ್ದ ಶಿವಕುಮಾರಿ. "ಆ ಸಿಸ್ಟರ್ ಕೇಳಿದ್ಲು ನಾ, ಟಚ್ ಮಾಡೋ ಮೊದ್ಲು?"

 ಸುಂದ್ರವ್ವ ಅಷ್ಟು ಕನ್ಯಾ ನೋಡಿದ್ದಳಲ್ಲ, ಎಣ್ಣೆ ಹಚ್ಚಿದ ಜಡೆಯ ಆ ಹುಡುಗಿಯರಲ್ಲಿ ಒಬ್ಬಳನ್ನಾದರೂ, ನಿನಗೆ ಮನಸ್ಸಿದೆಯೇನವಾ ಎಂದು ಕೇಳಿದ್ದು ಆಕೆಗೆ ನೆನಪಾಗಲಿಲ್ಲ. ತನ್ನ ಲಗ್ನದ ಹೊತ್ತಿಗೆ ಆಕೆಯನ್ನೂ ಯಾರೂ ಕೇಳಿರಲಿಲ್ಲ. 

ಮನೆಗೆ ಬಂದಾಗ ಕಾಶವ್ವ ರೊಟ್ಟಿ ಮುಚ್ಚಿಟ್ಟು ಸದ್ದಿಲ್ಲದೆ ಎದ್ದು ಹೋದಳು. ಬಂಡೆಪ್ಪ ಗೋಡೆಗೆ ಒರಗಿ ಕೂತಿದ್ದ. ಬೈಯಲಿಲ್ಲ. ಅದೇ ಹೆದರಿಕೆಯಾಗುವಂತಿತ್ತು.

"ನನ್ನ ಕೊಟ್ಟ ಬಂದ್ಯಾ?" ಎಂದ.

ಸುಂದ್ರವ್ವ ಮಂಚದ ಅಂಚಿಗೆ ಕೂತಳು. ಕಾರಿಡಾರು, ಊಟ, ಹಿಮ್ಮಡಿ ಎಂದು ಹೊಗಳಲು ಸಾಲು ಸಾಲು ಮಾತು ತಯಾರಿದ್ದವು. ಅವೆಲ್ಲ ಬಿಟ್ಟು ಬೇರೆಯದೇ ಬಾಯಿಗೆ ಬಂತು. "ನಂಗ ನಿಮ್ಮನ್ನ ಎತ್ತಾಕ ಆಗವಲ್ತ್ರೀ. ಆಗತೈತಿ ಅಂತ ತೋರಿಸ್ಕೊಂತ ಬಂದೆ. ಆಗವಲ್ತು. ಮೋರ್ಯಾಗ ಬಿದ್ದಾಗಿಂದ ನಂಗ ನಿದ್ದಿ ಇಲ್ಲ. ನಿಮ್ಮನ್ನ ಕೇಳಿ ಹೋಗಬೇಕಿತ್ತು, ಕೇಳಲಿಲ್ಲ, ತಪ್ಪಾತು. ಈಗ ಕೇಳತೀನಿ. ನಿಮಗ ಮನಸ ಐತೇನ್ರಿ? ಇಲ್ಲಂದ್ರ ಸಕ್ರಿ ಹಂಚಿದ್ದ ಹಾಳಾಗಿ ಹೋಗ್ಲಿ, ನಾ ಮಾತ ಮುರೀತೀನಿ."

ಸುಂದ್ರವ್ವ ಸಕ್ಕರೆ ಹಂಚಿದ ಮಾತು ಮುರಿಯುವುದೆಂದರೆ ಏನೆಂದು ಬಂಡೆಪ್ಪನಿಗೆ ಗೊತ್ತಿತ್ತು. ಹೆಂಡತಿಯ ಮುಖ ನೋಡಿದ. ಆಮೇಲೆ ನೆಟ್ಟಗಿದ್ದ ಬಲಗೈಯಿಂದ ಹೊದ್ದಿದ್ದ ಚಾದರವನ್ನು ಎಳೆದು, ಸೆರಗಿನ ಹಾಗೆ ತಲೆಯ ಮೇಲೆ ಹೊದ್ದುಕೊಂಡ. ಮೀಸೆಯ ಮೇಲೆ ಅದು ಜಾರಿತು. ಶಿವಕುಮಾರಿ ಫಕ್ಕನೆ ನಕ್ಕಳು.

"ಪಂಚಮಿ ಹಬ್ಬಕ್ಕ ತವರಮನಿಗೆ ಕರಿಯಾಕ ಯಾರ ಬರತೀರಿ?" ಎಂದು ತೊದಲಿದ.

ಸುಂದ್ರವ್ವನಿಗೆ ನಗುವೂ ಅಳುವೂ ಒಟ್ಟಿಗೇ ನುಗ್ಗಿ ಬಂದವು. "ನಾನ ಬರತೀನ್ರಿ. ಪಂಚಮಿಗೂ ಬರತೀನಿ, ವಾರಕ್ಕೊಮ್ಮಿ ಐತಾರಕ್ಕೂ ಬರತೀನಿ. ಉಂಡಿ ಕಟಗೊಂಡ ಬರತೀನಿ."

"ಹೊಳ್ಳಿ ಕಳಸಬೇಕಾದ್ರ ಅಳತೀಯೋ ಇಲ್ಲೋ?"

"ಅಳತೀನ್ರಿ."

"ಹಂಗಾರ ಹೋಗತೀನಿ" ಎಂದ ಬಂಡೆಪ್ಪ.