ಹೊರಗಿನಿಂದ ಹೊಡೆದ ಮೊಳೆ

ಪ್ಲಾಸಿಡೊ ಸಿಕ್ಕಿದನೆಂಬ ಸುದ್ದಿ ಬಂದ ದಿನ ಅವನ ಹೆಂಡತಿ ಎಪಿಫಾನಿಯಾ ಬೇರೊಂದು ಮನೆಯ ಸತ್ತವರಿಗಾಗಿ ಪ್ರಾರ್ಥನೆ ನಡೆಸುತ್ತಿದ್ದಳು. ಚಂಡಮಾರುತ ಹಾದುಹೋದ ಮೇಲೆ ಅವಳಿಗೆ ಬೇರೆ ಕೆಲಸವೇ ಇರಲಿಲ್ಲ. ಸಮರ್ ದ್ವೀಪದ ಆ ಕಡಲಂಚಿನ ಊರಿನಲ್ಲಿ ಸತ್ತವರಿಗೆ ಒಂಬತ್ತು ದಿನದ ಪ್ರಾರ್ಥನೆ ಹೇಳಿಕೊಡಬಲ್ಲವರು ಮೂವರಿದ್ದರು. ಇಬ್ಬರನ್ನು ನೀರು ಒಯ್ದಿತ್ತು.

ಚಾವಣಿಯಿಲ್ಲದ ಗುಡಿಯ ಬಾಗಿಲಲ್ಲಿ ದೋಣಿ ನಡೆಸುವ ನಿಕಾನೋರ್ ಬಂದು ನಿಂತ. ಕೊನೆಯ ಆಮೆನ್ ಆಗುವವರೆಗೆ ಅಲ್ಲೇ ಕಾದ.

"ಮಾನಾ ಪಾನಿಂಗ್, ಸ್ವಲ್ಪ ಈ ಕಡೆ ಬರ್ತೀರಾ?" ಎಂದ. ಪಾನಿಂಗ್ ಎನ್ನುವುದು ಎಪಿಫಾನಿಯಾಳ ಮನೆಹೆಸರಿನಂಥ ಚಿಕ್ಕ ಹೆಸರು; ಕಿರಿಯರೆಲ್ಲ ಅವಳನ್ನು ಮಾನಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು.

"ಯಾರು ಸಿಕ್ಕಿದ್ರಪ್ಪಾ?"

"ನಿಮ್ಮೋರೇ. ನದಿ ಮೇಲ್ಗಡೆ, ನೀಪಾ ತಾಳೆ ಪೊದೆ ಒಳಗೆ. ನಿಮ್ಮನೆ ಹಂಗೇ ತೇಲ್ಕೊಂಡು ಹೋಗಿ ಅಲ್ಲಿ ಸಿಕ್ಕಾಕ್ಕೊಂಡಿದೆ. ಸಂದಿಯಿಂದ ನೋಡ್ದೆ. ಅಂಗಿ ಗುರುತು ಹಿಡಿದೆ."

ಎಪಿಫಾನಿಯಾ ಕೈಯಲ್ಲಿದ್ದ ಜಪಮಾಲೆಯನ್ನು ಸುತ್ತಿ ಜೇಬಿಗೆ ಹಾಕಿಕೊಂಡಳು.

ಅಲ್ಲಿಯತನಕ ಅವಳು ಸತ್ತವರ ಸಾಲಿನಲ್ಲಿ ಗಂಡನ ಹೆಸರು ಹೇಳಿರಲಿಲ್ಲ. ಬೇಲಿಯಾಚೆ ಮನೆಯ ಸಬಿನಾ ದಿನವೂ ಮೊಣಕೈಯಿಂದ ತಿವಿದು, "ಪ್ಲಾಸಿಡೊ ಹೆಸರೂ ಸೇರಿಸು ಮಾನಾ" ಎನ್ನುವಳು.

"ಅವನು ಈಜುಗಾರ. ಯಾವುದೋ ದ್ವೀಪದಲ್ಲಿ ಯಾರದೋ ಗಂಜಿ ಕುಡ್ಕೊಂಡು ಕೂತಿರ್ತಾನೆ."

"ಗಂಜಿ ಅಲ್ಲ, ಹೆಂಡ ಸಿಕ್ಕಿರಬೇಕು. ಅದಕ್ಕೇ ಬರ್ತಿಲ್ಲ" ಎಂದು ಸಬಿನಾ ಮೊದಮೊದಲು ನಗಿಸಲು ನೋಡಿದಳು. ಆಮೇಲೆ ಅದನ್ನೂ ಬಿಟ್ಟಳು.

ಗಾಳಿ ಬರುವ ಹಿಂದಿನ ದಿನ ಕಡಲು ತಟ್ಟೆಗೆ ಸುರಿದ ಎಣ್ಣೆಯ ಹಾಗೆ ಅಲುಗದೆ ಬಿದ್ದಿತ್ತು. ಸೆಕೆಗೆ ನಾಯಿಗಳೂ ಬೊಗಳಲಿಲ್ಲ. ಮೂಡಣದ ಮಹಾಸಾಗರದಲ್ಲಿ ಎಲ್ಲೋ ಹುಟ್ಟಿದ ಸುಳಿ ಗಳಿಗೆಗಳಿಗೆಗೂ ದೊಡ್ಡದಾಗುತ್ತ ನೇರ ತಮ್ಮತ್ತಲೇ ಬರುತ್ತಿದೆಯೆಂದು ರೇಡಿಯೊ ಹೇಳುತ್ತಿತ್ತು. ಈ ಸಲ ನೀರು ತೆಂಗಿನ ಎತ್ತರ ಬಂದೀತೆಂದು ಯಾರೋ ಧ್ವನಿವರ್ಧಕದಲ್ಲಿ ಕೂಗುತ್ತ ಹೋದರು. ಊರಿನವರು ತಲೆಯಾಡಿಸಿ ಗಾಳಿಗೆ ಸಿದ್ಧರಾದರು. ಅವರು ಹುಟ್ಟಿದಾಗಿನಿಂದ ಕಂಡ ಶತ್ರು ಗಾಳಿಯೇ. ನೀರೆಂದರೆ ಅಂಗಳ ಒದ್ದೆಯಾಗುವುದು, ಅಷ್ಟೆ. ಮಾಡಿನ ಮೇಲೆ ಬಲೆ ಹಾಸಿ ಹಗ್ಗ ಬಿಗಿದರು. ಕಿಟಕಿಗಳಿಗೆಲ್ಲ ಹಲಗೆ ಬಡಿದರು. ಹೆಂಗಸರು ಮಕ್ಕಳು ಗುಡ್ಡದ ಶಾಲೆಗೆ ಹೋಗುವುದು, ಗಂಡಸರು ಮನೆ ಕಾಯುವುದು ವಾಡಿಕೆ. ದೋಣಿ ಕಟ್ಟುವ ಪ್ಲಾಸಿಡೊ ಹೊಸ ದೋಣಿಯೊಂದನ್ನು ಆಗತಾನೆ ಮುಗಿಸಿದ್ದ. ಅದನ್ನು ಹಿತ್ತಲಿನ ತೆಂಗಿಗೆ ಕಟ್ಟಿ, ತಾನು ಬರುವುದಿಲ್ಲವೆಂದ.

ಉಳಿದದ್ದು ಮುಂಬಾಗಿಲು. ಅದನ್ನು ಭದ್ರಮಾಡಲು ಇಬ್ಬರು ಬೇಕು. ಒಳಗಿನಿಂದ ಒಬ್ಬರು ಭುಜ ಕೊಟ್ಟು ಒತ್ತಿ ಹಿಡಿದರೆ ಹೊರಗಿನಿಂದ ಇನ್ನೊಬ್ಬರು ಹಲಗೆ ಇಟ್ಟು ಮೊಳೆ ಹೊಡೆಯುವುದು. ಭುಜ ಗಟ್ಟಿಯಿದ್ದವನು ಪ್ಲಾಸಿಡೊ, ಹಾಗಾಗಿ ಸುತ್ತಿಗೆ ಅವಳ ಕೈಗೆ ಬಂತು. ಸಬಿನಾ ಪಕ್ಕದಲ್ಲಿ ನಿಂತು ಒಂದೊಂದೇ ಮೊಳೆ ಎತ್ತಿ ಕೊಟ್ಟಳು.

"ಎರಡು ಸೊಟ್ಟಗೆ ಹೋದ್ವು ಕಣೋ" ಎಂದಳು ಎಪಿಫಾನಿಯಾ.

"ಇರಲಿ ಬಿಡೆ. ನೀನು ಹೊಡೆದ ಮೊಳೆ ನಿನ್ನ ಹಂಗೇ. ಸೊಟ್ಟಗಿದ್ರೂ ಹಿಡಿದದ್ದು ಬಿಡಲ್ಲ" ಎಂದ ಒಳಗಿನಿಂದ. ಹಲಗೆಯಾಚೆಯಿಂದ ಅವನ ನಗು ಕೇಳಿಸಿತು. "ಹಿತ್ತಲ ಬಾಗಿಲು ಇದೆಯಲ್ಲ. ನಡಿ, ಕತ್ತಲಾಗ್ತಿದೆ."

ಬೆಳಗಾಗುತ್ತಲೇ ಗಾಳಿ ಬಂತು. ಶಾಲೆಯ ಮಾಡಿನ ತಗಡುಗಳು ಒಂದೊಂದಾಗಿ ಹಾರಿಹೋದವು. ಗೋಡೆಗೆ ಬೆನ್ನು ಕೊಟ್ಟು ಎಲ್ಲರೂ ಅವಳ ಹಿಂದೆ ಪ್ರಾರ್ಥನೆ ಹೇಳುತ್ತಿದ್ದರು, ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ಕಿಟಕಿಯಿಂದ ನೋಡಿದವರಿಗೆ ಕಡಲು ಹಿಂದೆ ಸರಿದು ತಳದ ಕೆಸರು ಕಂಡಿತು. ಮರುಗಳಿಗೆಯಲ್ಲಿ ಅದು ತಿರುಗಿ ಬಂತು. ಅಲೆಯಾಗಿ ಬರಲಿಲ್ಲ, ಕಡಲಿಗೆ ಕಡಲೇ ಎದ್ದು ಕಪ್ಪಗೆ ನಡೆದುಬಂತು. ನದೀಮುಖದಿಂದ ಒಳನುಗ್ಗಿದ ನೀರು ಊರನ್ನು ಬೆನ್ನ ಕಡೆಯಿಂದಲೂ ಹಿಡಿಯಿತು. ಮಧ್ಯಾಹ್ನ ಬಿಸಿಲು ಬಂದಾಗ ಒಂದು ತೆಂಗಿಗೂ ತಲೆಯಿರಲಿಲ್ಲ. ಅವರ ಮನೆಯಿದ್ದ ಕಡೆ ನಾಲ್ಕು ಕಂಬದ ಬುಡಗಳಷ್ಟೇ ಇದ್ದವು.

ಈಗ ನಿಕಾನೋರ್ ತನ್ನ ದೋಣಿಯನ್ನು ನೀಪಾ ಪೊದೆಯೊಳಗೆ ತಳ್ಳಿದ. ಸಬಿನಾ ಕೇಳದೆಯೇ ಜೊತೆಗೆ ಬಂದಿದ್ದಳು. ಕೆಸರಿನಲ್ಲಿ ಓರೆಯಾಗಿ ಕೂತಿತ್ತು ಮನೆ. ಹಿತ್ತಲ ಬಾಗಿಲಿನ ಮೈಗೆ ಪ್ಲಾಸಿಡೊನ ಹೊಸ ದೋಣಿ ಅಡ್ಡಲಾಗಿ ಕಚ್ಚಿಕೊಂಡಿತ್ತು. ಅವನು ಕಟ್ಟಿದ್ದ ಹಗ್ಗ ತೆಂಗಿನ ಕಡೆ ಹರಿದಿದ್ದರೂ ದೋಣಿಯ ಕಡೆಯ ಗಂಟು ಇನ್ನೂ ಬಿಚ್ಚಿರಲಿಲ್ಲ. ಮುಂಬಾಗಿಲಿನ ಹಲಗೆಗಳು ಹಾಗೇ ಇದ್ದವು, ಮೊಳೆಗಳೂ. ಎರಡು ಸೊಟ್ಟಗಿದ್ದವು.

ನಿಕಾನೋರ್ ಹಾರೆ ಎತ್ತಿಕೊಂಡ.

"ಕೊಡಿಲ್ಲಿ. ಹೊಡೆದೋಳು ನಾನು, ತೆಗೆಯೋಳೂ ನಾನೇ."

"ನಿಮ್ಮ ಕೈಲಾಗಲ್ಲ ಮಾನಾ."

ಆಗಲಿಲ್ಲ. ಸೊಟ್ಟಗಿದ್ದವೇ ಕೊನೆಯವರೆಗೆ ಬಿಡಲಿಲ್ಲ. ಮೂವರೂ ಹಾರೆಗೆ ಜೋತುಬಿದ್ದ ಮೇಲೆ ಹಲಗೆ ಕಿತ್ತುಬಂತು.

ಪ್ಲಾಸಿಡೊ ಬಾಗಿಲ ಹಿಂದೆಯೇ ಇದ್ದ. ಹಿತ್ತಲಿನದು ತೆರೆಯದಾದಾಗ ಈ ಬಾಗಿಲಿಗೆ ಬಂದಿದ್ದ. ಎಪಿಫಾನಿಯಾ ಅವನ ಕೈಗಳನ್ನು ನೋಡಿದಳು. ಬಾಗಿಲ ಒಳಮೈ ತುಂಬ ಉಗುರಿನ ಗೀರುಗಳಿದ್ದವು. ತಲೆಗೆ ಹೊದ್ದಿದ್ದ ಬಟ್ಟೆಯನ್ನು ಹರಿದು ಎರಡೂ ಕೈಗಳಿಗೆ ಸುತ್ತಿದಳು.

ಕಿತ್ತ ಹಲಗೆಗಳನ್ನೇ ಸೇರಿಸಿ ಪೆಟ್ಟಿಗೆ ಮಾಡಿ ಅಂದೇ ಮಣ್ಣು ಮಾಡಿದರು. ಸಂಜೆ ಗುಡಿಯಲ್ಲಿ ಉಳಿದವರು ಕೂಡಿದರು. ಸತ್ತವರ ಮನೆಯವರು ಮುಂದೆ ಕೂತು ಪ್ರಾರ್ಥನೆ ಹೇಳಿಕೊಡುವಂತಿಲ್ಲ. ಹಿಂದೆ ಕೂತು ಓಗೊಡಬೇಕು, ಅದು ಆ ಊರಿನ ಕಟ್ಟಳೆ. ಆದರೆ ಹೇಳಿಕೊಡಲು ಬೇರೆ ಯಾರಿದ್ದಾರೆ? ಎಪಿಫಾನಿಯಾ ಮೇಣದ ಬತ್ತಿಯ ಮುಂದೆ ಮಂಡಿಯೂರಿದಳು. ಶಿಲುಬೆಯ ಗುರುತು ಮಾಡಿದಳು. ಗಂಡನ ಹೆಸರು ಬರಬೇಕಾದಲ್ಲಿ ಸಾಲು ಮುರಿಯಿತು. ಮತ್ತೆ ಮೊದಲಿನಿಂದ ಹಿಡಿದಳು, ಅಲ್ಲಿಗೇ ಬಂದು ನಿಂತಳು. ಅವನಿಗೆ ಇದೊಂದನ್ನೂ ತನ್ನಿಂದ ಮಾಡಿಕೊಡಲಾಗದೆ ಹೋಯಿತೇ ಎಂದುಕೊಂಡಳು.

ಸಬಿನಾ ಎದ್ದು ಬಂದು ಅವಳ ತೋಳು ಹಿಡಿದಳು. "ಏಳು ಮಾನಾ. ಹಿಂದೆ ಹೋಗಿ ಕೂತ್ಕೊ."

"ನಿನಗೆ ಪ್ರಾರ್ಥನೆ ಸರಿಯಾಗಿ ಬರಲ್ಲ."

"ಬರಲ್ಲ. ತಪ್ಪೇ ಹೇಳ್ತೀನಿ. ದೇವರು ನಿನ್ನಷ್ಟು ಸಿಡುಕ ಅಲ್ಲ."

"ಮೊಳೆ ಹೊಡೆದೋಳು ನಾನು, ಸಬಿನಾ."

"ಗೊತ್ತು. ಎತ್ತೆತ್ತಿ ಕೊಟ್ಟೋಳು ನಾನು" ಎಂದಳು ಸಬಿನಾ. ಅವಳ ದನಿ ಒಡೆದಿತ್ತು. "ಒಳಗಿಂದ ಒತ್ತಿ ಹಿಡಿದೋನು ಅವನು. ಮೂವರಿಗೂ ಗಾಳಿ ಒಂದೇ ಗೊತ್ತಿದ್ದದ್ದು. ಹೋಗು, ಕೂತ್ಕೊ. ಅವನಿಗೆ ಓಗೊಡೋಕೆ ಮನೆಯೋರು ಅಂತ ನೀನೊಬ್ಬಳೇ ಇರೋದು."

ಎಪಿಫಾನಿಯಾ ಎದ್ದಳು. ಎಷ್ಟೋ ವರ್ಷಗಳಿಂದ ಕೂತಿರದ ಹಿಂದಿನ ಸಾಲಿನಲ್ಲಿ, ಒದ್ದೆ ನೆಲದ ಮೇಲೆ ಕೂತಳು.

ಸಬಿನಾ ಪ್ರಾರ್ಥನೆಯ ಮೊದಲ ಸಾಲಿನಲ್ಲೇ ಎಡವಿದಳು. ಒಂದು ಸಾಲನ್ನು ನುಂಗಿದಳು, ಇನ್ನೊಂದನ್ನು ಎರಡು ಸಲ ಹೇಳಿದಳು. ಇಂಥದ್ದನ್ನು ತಿದ್ದದೆ ಎಪಿಫಾನಿಯಾ ಎಂದೂ ಬಿಟ್ಟವಳಲ್ಲ. ಅಂದು ತಿದ್ದಲಿಲ್ಲ.

"ಪ್ಲಾಸಿಡೊ" ಎಂದಳು ಸಬಿನಾ. "ಪ್ರಭುವೇ, ನಿನ್ನ ಮಗ ಪ್ಲಾಸಿಡೊನಿಗೆ ನಿತ್ಯ ವಿಶ್ರಾಂತಿಯನ್ನು ದಯಪಾಲಿಸು."

ಹಿಂದಿನ ಸಾಲಿನಿಂದ ಎಪಿಫಾನಿಯಾ, ಪ್ರಾರ್ಥನೆಯಲ್ಲಿಲ್ಲದ ಒಂದು ಮಾತನ್ನೂ ಸೇರಿಸಿ, ಓಗೊಟ್ಟಳು: "ಆರದ ಬೆಳಕು ಅವನ ಮೇಲೆ ಬೆಳಗಲಿ. ಎಲ್ಲ ಬಾಗಿಲೂ ಅವನಿಗೆ ತೆರೆಯಲಿ. ಅವನು ಶಾಂತಿಯಲ್ಲಿ ವಿಶ್ರಮಿಸಲಿ. ಆಮೆನ್."